ನೆಲ ಒಂದೇ ಇರಬೇಕು

ಬೋರಾ ಗಾಳಿ ನಿಂತ ಮರುದಿನ
ಎತ್ತೊರೆ ಫುರ್ಲಾನ್ ಬಂದ.
ಕೆಂಪು ಸ್ಪೈಡರ್ ಕಾರನ್ನು
ದೋಣಿ ಕಟ್ಟುವವನ ಹಾಗೆ
ನನ್ನ ಶೆಡ್ಡಿನ ಬಾಗಿಲಿಗೆ ತಂದು ನಿಲ್ಲಿಸಿದ.

ತ್ರಿಯೆಸ್ತೆಯ ಬಂದರಿನಲ್ಲಿ ಮೂವತ್ತೊಂಬತ್ತು ವರ್ಷ
ಕ್ರೇನಿನ ಗೂಡಿನಲ್ಲಿ ಕೂತವನು.
ಅರವತ್ತೇಳಕ್ಕೆ ಕೆಳಗಿಳಿದು
ನೆಲಕ್ಕೆ ಇನ್ನೊಂದು ಗೇಣು ಹತ್ತಿರವಾಗಲೆಂದೇ
ಈ ಕಾರು ಕೊಂಡನಂತೆ.
ಹೆಂಡತಿ ಇನ್ನೂ ಹತ್ತಿಲ್ಲ. ಮಂಡಿನೋವು ಅನ್ನುತ್ತಾಳೆ.

ಕರವಸ್ತ್ರದಲ್ಲಿ ಸುತ್ತಿದ್ದನ್ನು ಬಿಡಿಸಿದ:
ಸಾಬೂನು ಬಿಲ್ಲೆಯಷ್ಟು ಪ್ಲೇಯರು, ಬೆನ್ನ ತುಂಬ ಗೀರು.
'ಮೊಮ್ಮಗಳು ತುಂಬಿಸಿದ್ದಾಳೆ, ನಾಲ್ಕು ಸಾವಿರ ಹಾಡು.
ಕಾರಿನಲ್ಲಿ ಕೇಳಬೇಕು, ನಿವೆಸ್.
ಆದರೆ ಡ್ಯಾಶ್‌ಬೋರ್ಡು ಕೊಯ್ಯಕೂಡದು,
ಹಳೇ ಸ್ಟೀರಿಯೊ ಬದಲಿಸಕೂಡದು,
ವೈರು ಕಾಣಕೂಡದು.'
ಮನೆ ಬಾಡಿಗೆಗೆ ಕೊಡುವವರೂ
ಇಷ್ಟು ಕೂಡದುಗಳನ್ನು ಹೇಳುವುದಿಲ್ಲ.

ಸುಲಭದ ದಾರಿಯೊಂದಿತ್ತು:
ಕ್ಯಾಸೆಟ್ಟಿನ ವೇಷದ ಅಡಾಪ್ಟರು, ಮೈ ಒಳಗೆ, ಬಾಲ ಹೊರಗೆ.
ಆದರೆ ಆ ಬಾಯಲ್ಲಿ ಆಗಲೇ ಒಂದು ಕ್ಯಾಸೆಟ್ಟು,
ಹಿಂದಿನ ಒಡೆಯ ಬಿಟ್ಟುಹೋದ ಬಿಸಿತುಪ್ಪ.
ಇಕ್ಕಳದಲ್ಲಿ ಎಳೆದರೆ ಟೇಪು ಕರುಳಿನಂತೆ ಬಂತು.
ಚೀಟಿಯ ಮೇಲೆ ಪೆನ್ಸಿಲಿನಲ್ಲಿ: ಪಾಠ ಏಳು.
ಯಾವ ಭಾಷೆಯ ಪಾಠವೋ, ಯಾರು ಕಲಿಯಹೊರಟಿದ್ದರೋ,
ಏಳರಲ್ಲೇ ನಿಂತಿದ್ದರು.

ಬಾಯಿ ಮುರಿದಿತ್ತು. ಹಾಗಾಗಿ ಹೊಟ್ಟೆಯನ್ನೇ ಬಿಚ್ಚಿದೆ,
ವಾಲ್ಯೂಮಿನ ಕಾಲುಗಳಿಗೆ ಮೂರು ಎಳೆ ಬೆಸೆದೆ,
ಕಾರ್ಪೆಟ್ಟಿನಡಿ ಹಾಯಿಸಿ ಕೈಪೆಟ್ಟಿಗೆಯೊಳಗೆ ತಂದೆ,
ಲೈಟರಿನ ಗೂಡಿನಿಂದ ಚಾರ್ಜಿಗೊಂದು ದಾರಿ ಕೊಟ್ಟೆ.
ಚಾವಿ ತಿರುಗಿಸಿದೆ. ಹಾಡು ಬಂತು.
ಹಾಡಿನ ಬೆನ್ನಿಗೇ ಕುಂಯ್ ಎಂದು ಇನ್ನೊಂದು ದನಿ.
ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ,
ಸೊಳ್ಳೆಯೊಂದು ಸಂಗೀತ ಕಲಿಯುತ್ತಿರುವ ಹಾಗೆ.

ಕೆಲಸ ಕಲಿಸಿದ ದುಷಾನ್ ಹೇಳುತ್ತಿದ್ದ:
ಅರ್ತಿಂಗ್ ಅಂದರೆ ನೆಲ. ನೆಲ ಒಂದೇ ಇರಬೇಕು, ಹುಡುಗಿ.
ಎರಡು ಕಡೆ ಕೊಟ್ಟೆಯೋ
ಎತ್ತು ಏರಿಗೆ, ಕೋಣ ನೀರಿಗೆ.
ಮನೆಯ ಹೊಸಿಲು ಬಿಟ್ಟು ಕದಲದೆಯೇ
ಮೂರು ದೇಶಗಳಲ್ಲಿ ಬದುಕಿದ ಮನೆತನದವನು.
ವೈರಿನ ಬಗ್ಗೆ ಮಾತ್ರ ಹೇಳಿದ್ದ
ಎಂದೇ ಈಗಲೂ ನಂಬಿದ್ದೇನೆ.

ಎರಡು ದಿನ ಸೀಟಿನಡಿ ಮಲಗಿದೆ.
ಬಣ್ಣ ಕೆರೆದು, ತುಕ್ಕು ಕೆರೆದು,
ಹೊಳೆಯುವ ತಗಡಿಗೆ ಒಂದೇ ಒಂದು ಬೋಲ್ಟು ಬಿಗಿದು
ಎಲ್ಲ ನೆಲಗಳನ್ನೂ ಅದಕ್ಕೇ ಕಟ್ಟಿದೆ.
ಸೊಳ್ಳೆ ಸತ್ತಿತು.

ಎತ್ತೊರೆಗೆ ಅದನ್ನು ತೋರಿಸುವ ಚಪಲ.
ಬೋಲ್ಟಿನಿಂದ ಒಂದು ವೈರು ಬಿಡಿಸಿ ಹಳೇ ಜಾಗಕ್ಕೇ ತಾಗಿಸಿದೆ,
'ಕೇಳಿ, ಮೊದಲು ಹೀಗಿತ್ತು.'
ಅವನು ಬಗ್ಗಿದ. 'ಹಾಡು ಚೆನ್ನಾಗಿದೆ.'
ಹಾಡಲ್ಲ, ಅದರ ಹಿಂದಿನದು.
'ಹಿಂದೆ ಎಂಥದು?'
ಎಂಜಿನ್ನನ್ನು ನಾಲ್ಕು ಸಾವಿರಕ್ಕೆ ಏರಿಸಿದೆ.
ನನ್ನ ಹಲ್ಲು ಚುಳ್ಳೆಂದಿತು,
ಎದುರಿನ ಕ್ಷೌರಿಕನ ನಾಯಿ ಎದ್ದು ನಿಂತಿತು.
ಎತ್ತೊರೆ ನಗುತ್ತಿದ್ದ, ಬೆರಳಲ್ಲಿ ತಾಳ ಹಾಕುತ್ತ.

ಕಬ್ಬಿಣದ ಮೇಲೆ ಕಬ್ಬಿಣ ಬಿದ್ದೂ ಬಿದ್ದೂ
ಅವನ ಕಿವಿಯ ಏಣಿಯಲ್ಲಿ ಮೇಲಿನ ಮೆಟ್ಟಿಲೇ ಇಲ್ಲ.
ಕಿವುಡನ ಮುಂದೆ ಕಿನ್ನರಿ ಬಾರಿಸುವುದು ಗೊತ್ತು.
ನಾನು ಬಾರಿಸುವುದನ್ನು ನಿಲ್ಲಿಸಲು
ಎರಡು ದಿನ ಬೆವರಿದ್ದೆ.

ವೈರನ್ನು ಮತ್ತೆ ಬೋಲ್ಟಿಗೇ ಬಿಗಿದೆ. ಯಾಕೋ, ಬಿಡಲಾಗಲಿಲ್ಲ.
ಬಿಲ್ಲಿನಲ್ಲಿ ಬರೆದದ್ದು: ಬೆಸುಗೆ, ಜ್ಯಾಕು, ಮೂರು ಮೀಟರು ವೈರು.

ಅವನು ನೋಟು ಎಣಿಸಿ ಕೊಟ್ಟು
ಪಾಠ ಏಳನ್ನೂ ಕೇಳಿ ಪಡೆದ. 'ಕಾರಿನದು ಕಾರಿಗೇ ಇರಲಿ.'
ಟಾಪು ಮಡಚಿ, ಪ್ಲೇಯರಿನ ಚಕ್ರ ತಿರುವಿ,
ಬೀದಿಯ ಗಾಜುಗಳೆಲ್ಲ ನಡುಗುವಷ್ಟು ಜೋರಾಗಿ
ಒಪಿಚಿನಾದ ಏರು ಹತ್ತಿದ.

ಶೆಡ್ಡಿನಲ್ಲಿ ಈಗ ಯಾವ ಸದ್ದೂ ಇಲ್ಲ,
ಅಂದುಕೊಂಡೆ.
ನಾಯಿ ಇನ್ನೂ ನಿಂತೇ ಇತ್ತು,
ಕಿವಿ ನಿಮಿರಿಸಿ, ನನ್ನ ಕಡೆ ನೋಡುತ್ತ.