ಸುತ್ತೋಲೆಯ ಹಿಂಬದಿ

‘ಪೋಷಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ’
ಎಂದು ಬರೆದು
ಏನೆಂದರೆ ಏನು ಎಂದು ಪೆನ್ನು ಕಚ್ಚುತ್ತ ಕೂತೆ.
ಸಾಗರದಿಂದ ನಲವತ್ತು ಕಿಲೋಮೀಟರು, ಕಾನ್ಗೋಡು ಶಾಲೆ.
ಜನವರಿ. ಆಟದ ಬಯಲಿನಾಚೆ
ಎರಡು ಮಂಗ ಸತ್ತು ಬಿದ್ದಿದ್ದವು.
ಆಸ್ಪತ್ರೆಯವರು ಬಂದು ಸುಟ್ಟು, ಸುತ್ತ ಬಿಳಿಪುಡಿ ಎರಚಿ,
ನನ್ನ ಕೈಗೊಂದು ಕಾಗದವಿಟ್ಟು ಹೋದರು:
ಮಕ್ಕಳ ಮೂಲಕ ಮನೆಮನೆಗೆ ಮುಟ್ಟಿಸತಕ್ಕದ್ದು.

ಇಲಾಖೆಯ ಭಾಷೆ ನನಗೂ ಬರುತ್ತದೆ,
ಹದಿನಾರು ವರ್ಷದಿಂದ ಅದರದೇ ಅನ್ನ.
‘ಕಾಡಿಗೆ ಹೋಗಬಾರದು. ಒಣ ಎಲೆ ತರಬಾರದು.
ಜ್ವರ ಬಂದಲ್ಲಿ ಕೂಡಲೇ ಸಂಪರ್ಕಿಸತಕ್ಕದ್ದು.
ತಪ್ಪಿದಲ್ಲಿ ಶಾಲೆ ಜವಾಬ್ದಾರಿಯಲ್ಲ.’
ಕೊನೆಯ ಸಾಲು ಯಾರೂ ಹೇಳಿಕೊಟ್ಟದ್ದಲ್ಲ,
ಪೆನ್ನು ತಾನಾಗಿ ಬರೆಯಿತು.

ಸ್ಟಾಫ್ ಮೀಟಿಂಗ್ ಅಂದರೆ ನಾವು ಮೂವರು,
ಬಾಗಿಲಲ್ಲಿ ಸೌಟು ಹಿಡಿದು ನಿಂತ ಜಲಜಾಕ್ಷಿ ಸೇರಿ ನಾಲ್ವರು.
ನಾಜಿಯಾ ಟೀಚರ್ ಓದಿ ‘ಸರಿಯಿದೆ ಮೇಡಂ’ ಅಂದರು.
ಅತಿಥಿ ಶಿಕ್ಷಕಿ, ನಾಲ್ಕು ತಿಂಗಳ ಗೌರವಧನ ಬಾಕಿ,
ಸರಿಯಿಲ್ಲ ಅನ್ನುವುದಾದರೂ ಹೇಗೆ?
ಪರಮೇಶ್ವರ ಮಾಸ್ತರು ಒಂದು ಕಾಮಾ ಹಾಕಿಕೊಟ್ಟರು.
ಜಲಜಾಕ್ಷಿಯೊಬ್ಬಳು ಕೇಳಿದಳು:
‘ಒಣ ಎಲೆ ಅಂದ್ರೆ ದರಗಾ?’
ನಾನು ಗದಗದ ಕಡೆಯವಳು,
ನಮ್ಮ ಎರೆಹೊಲದಲ್ಲಿ ದರಗಿಲ್ಲ.
‘ಎರಡೂ ಒಂದೇ ಬಿಡು’ ಅಂದುಬಿಟ್ಟೆ.

ವಾಟ್ಸಾಪ್ ಗುಂಪಿಗೂ ಹಾಕಿದೆ,
ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ, ಎರಡು ಕಡ್ಡಿ ಸಿಗ್ನಲ್ಲಿಗೆ.
ರಾತ್ರಿಯೊಳಗೆ ಹದಿನೇಳು ಹೆಬ್ಬೆಟ್ಟು ಬಂದವು.
ಇವರ ಅಜ್ಜಂದಿರು ಶಾಯಿಯಲ್ಲಿ ಒತ್ತುತ್ತಿದ್ದರು,
ಇವರು ಹಳದಿಯಲ್ಲಿ.
ಓದಿದೆವೆಂದೋ, ಒಪ್ಪಿದೆವೆಂದೋ, ಸಾಕು ಮಾಡೆಂದೋ,
ಹೆಬ್ಬೆಟ್ಟು ಯಾವತ್ತು ಬಾಯಿಬಿಟ್ಟಿದೆ?

ಮಾರನೆಯ ದಿನ ಚೀಟಿಗಳು ಸಹಿಯಾಗಿ ಬಂದವು.
ಮೂರರಲ್ಲಿ ಒಂದೇ ಕೈಯ ಸಹಿ,
ನೋಡಿಯೂ ನೋಡದಂತಿದ್ದೆ.
ಹೂವಮ್ಮನ ಚೀಟಿಯಲ್ಲಿ ಸಹಿಯೇ ಇಲ್ಲ.
ತಿರುಗಿಸಿದರೆ ಹಿಂಬದಿ ತುಂಬ ಪೆನ್ಸಿಲ್ಲು,
ತಾಯಿ ಹೇಳುತ್ತ ಹೋದದ್ದನ್ನು
ಆರನೇ ಕ್ಲಾಸಿನ ಸಿಂಚನ ಬರೆದದ್ದು:

‘ಮೇಡಂ ನಮಸ್ಕಾರ. ದರಗು ತರಬ್ಯಾಡಿ ಅಂದ್ರಿ.
ಕೊಟ್ಟಿಗೆಗೆ ಏನು ಹಾಸದು ಅಂತ ಬರೀಲಿಲ್ಲ, ಮರ್ತಿರಬೇಕು.
ಉಣುಗಿನ ಎಣ್ಣೆ ಮನೆಗೆ ಎರಡು ಬಾಟ್ಲಿ ಅಂದ್ರು,
ನಮ್ಮ ಕೇರಿಗೆ ಒಂದೂ ಬರ್ಲಿಲ್ಲ.
ದೀಕ್ಷಿತಂಗೆ ನಿನ್ನೆಯಿಂದ ಮೈ ಬಿಸಿ.
ಶಾಲೆ ಜವಾಬ್ದಾರಿಯಲ್ಲ ಅಂತ ಗೊತ್ತು.
ಸುಮ್ನೆ ಹೇಳ್ದೆ.’

ಅಕ್ಷರ ಅಕ್ಷರಕ್ಕೂ ತಪ್ಪು.
‘ಜವಾಬ್ದಾರಿ’ ಒಂದು ಮಾತ್ರ ಒತ್ತಕ್ಷರ ಸಮೇತ ಸರಿಯಾಗಿದೆ,
ಹಾಳೆ ತಿರುಗಿಸಿ
ನನ್ನದನ್ನೇ ನೋಡಿ ಬರೆದಿದ್ದಾಳೆ.

ಆಮೇಲಿನದು ಹೆಚ್ಚೇನಿಲ್ಲ.
ಮತ್ತೆ ಟ್ಯಾಂಕು ಹತ್ತಿದೆ, ಮೂರು ಸಲ ಕಟ್ಟಾಗಿ ನಾಲ್ಕನೆಯದಕ್ಕೆ
ಆಸ್ಪತ್ರೆಯ ಜೀಪು ಹೊರಟಿತು.
ಪರಮೇಶ್ವರ ಮಾಸ್ತರು ತಮ್ಮ ಬೈಕಿನಲ್ಲಿ
ಎಣ್ಣೆಯ ಬಾಟ್ಲಿ ಚೀಲ ತುಂಬಿ ತಂದರು, ಒಂದು ಒಡೆದಿತ್ತು.
ಹೂವಮ್ಮ ಮಣೆ ಹಾಕಿದಳು, ಚೀಟಿಯ ಮಾತೆತ್ತಲಿಲ್ಲ.
ನಾನೂ ಎತ್ತಲಿಲ್ಲ.
ಹುಡುಗನ ರಕ್ತ ಶಿವಮೊಗ್ಗಕ್ಕೆ ಹೋಗಿದೆ,
ವರದಿ ಇನ್ನೂ ಬಂದಿಲ್ಲ.

ಹೊಸ ಚೀಟಿ ಬರೆಯಲು ಜಲಜಾಕ್ಷಿಯನ್ನೇ ಕೂರಿಸಿಕೊಂಡೆ.
ಬೇಳೆ ತಳ ಹಿಡಿಯಿತು ಆವತ್ತು.
ದರಗು ಎಂದೇ ಬರೆದೆ.
ಬದಲಿಗೇನು ಹಾಸಬೇಕೋ ನನಗೆ ಗೊತ್ತಿಲ್ಲ,
ಗೊತ್ತಿಲ್ಲ ಅಂತಲೂ ಬರೆದೆ.
ಶನಿವಾರ ಬನ್ನಿ, ಹುಲ್ಲು ಯಾರಲ್ಲಿದೆ ವಿಚಾರಿಸೋಣ.

ಮೊನ್ನೆ ಸಿಆರ್‌ಪಿ ಬಂದು ಫೈಲು ಎಣಿಸಿದರು:
ಮಕ್ಕಳು ಮೂವತ್ತನಾಲ್ಕು, ಸ್ವೀಕೃತಿ ಮೂವತ್ತಮೂರು.
ಒಂದೆಲ್ಲಿ ಮೇಡಂ?
ಅದು ಸ್ವೀಕೃತಿ ಅಲ್ಲ ಸಾರ್, ಅಂದೆ,
ನನಗೆ ಬಂದ ಕಾಗದ.