ಹುಸೇನಪ್ಪನ ಬಿಲ್ಲೆ

ಹಟ್ಟಿ ಕ್ಯಾಂಪಿನ ಬಸ್‌ಸ್ಟ್ಯಾಂಡಿನೆದುರು
ನನ್ನದೊಂದು ಝೆರಾಕ್ಸ್ ಅಂಗಡಿ.
ಕರೆಂಟಿದ್ದರೆ ಪಾಸ್‌ಪೋರ್ಟ್ ಅರ್ಜಿಯನ್ನೂ ತುಂಬುತ್ತೇನೆ.

ಮೊದಲ ಪಾಳಿ ಮುಗಿಸಿ
ಕಿವಿಯೊಳಗೆ ಡ್ರಿಲ್ಲು ಇನ್ನೂ ಗುಂಯ್ಗುಡುತ್ತಿರಲು
ಹುಸೇನಪ್ಪ ಬಂದು ಕುಂತ.
ಕೈಯಲ್ಲೊಂದು ಚೀಲ,
ಚೀಲದಲ್ಲಿ ಐದು ಮಂದಿ:

ಆಧಾರಿನಲ್ಲಿ ಹುಸೇನಪ್ಪ,
ರೇಷನ್ ಕಾರ್ಡಿನಲ್ಲಿ ಉಸೇನಪ್ಪ,
ಓಟಿನ ಚೀಟಿಯಲ್ಲಿ ಬರೀ ಹುಸೇನ,
ಅಪ್ಪನನ್ನು ಯಾರೋ ಕತ್ತರಿಸಿಕೊಂಡಿದ್ದಾರೆ.
ಬ್ಯಾಂಕಿನವರು ಒಂದೇ ಅಕ್ಷರದಲ್ಲಿ
ಹೆಂಗಸು ಮಾಡಿದ್ದಾರೆ: ಹುಸೇನಮ್ಮ.
ಶಾಲೆಯ ಟೀಸಿಯಲ್ಲಿ ಹೆಸರು ಗೆದ್ದಲಿಗೆ ಹೋಗಿ
ತಂದೆ ಮಾತ್ರ ಉಳಿದಿದ್ದಾನೆ, ದುರುಗಪ್ಪ.

"ಇವರೊಳಗ ಹೋಗಾಂವ ಯಾರು?" ಅಂದೆ.
"ಯಾರ ಹೆಸರಿಗೆ ಬಂದ್ರೂ
ಕೆಳಗ ಇಳಿಯಾಂವ ನಾನ."

ಟಾಂಜಾನಿಯಾದಲ್ಲೊಂದು ಚಿನ್ನದ ಗಣಿ.
ಕತ್ತಲೆ ಇಲ್ಲಿಯದೇ,
ಪಗಾರ ಮೂರು ಪಟ್ಟು.

ಹುಟ್ಟಿದ ದಿನ?
"ಅಲಾಯಿ ಕುಣಿ ತೋಡೋ ದಿನ
ಅವ್ವಗ ಬ್ಯಾನಿ ಸುರುವಾಗಿತ್ತಂತ."
ಆ ಹಬ್ಬ ವರ್ಷ ವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತದೆ,
ಕಂಪ್ಯೂಟರು ಸರಿಯುವುದಿಲ್ಲ.
ಜೂನ್ ಒಂದು ಎಂದು ಒತ್ತಿದೆ.
ನಮ್ಮ ಹೆಡ್‌ಮಾಸ್ತರು
ಇಡೀ ಒಂದನೇ ತರಗತಿಯನ್ನು ಅವತ್ತೇ ಹಡೆದಿದ್ದರು,
ನನ್ನನ್ನೂ ಸೇರಿಸಿ.

ಗುರುತಿನ ಚಹರೆ?
ಬಲ ಹುಬ್ಬಿನ ಮೇಲೆ ಕಲ್ಲು ಸಿಡಿದ ಗಾಯ,
ಚೂರು ಇನ್ನೂ ಒಳಗೇ ಇದೆ.
"ಅದರಾಗ ಬಂಗಾರ ಇದ್ದರೂ ಇರಬಹುದು,
ಕಸ್ಟಮ್ಸಿನವರಿಗೆ ಹೇಳಬ್ಯಾಡ."

ರಾಯಚೂರಿನ ಕಿಟಕಿಯಲ್ಲಿ ಹತ್ತು ಬೆರಳು ಒತ್ತಿಸಿದರು.
ಇಪ್ಪತ್ತೆರಡು ವರ್ಷ ಡ್ರಿಲ್ ಹಿಡಿದ ಕೈ
ಗೆರೆಗಳನ್ನೆಲ್ಲ ಕಲ್ಲಿಗೇ ಕೊಟ್ಟು ಬಂದಿತ್ತು.
ಹುಡುಗಿ ವ್ಯಾಸಲಿನ್ ಸವರಿ, ಒರೆಸಿ, ಮತ್ತೆ ಒತ್ತಿಸಿ
ಕಡೆಗೆ ಎಡಗೈಯ ಕಿರುಬೆರಳೊಂದು
ಹೌದು, ಇವನೇ ಎಂದಿತು.

ಅಲ್ಲಿಗೆ ಹೊಸದಾಗಿ ಬಂದ ಸಾಹೇಬರ ಪ್ರಶ್ನೆ:
ನೀನು ಹುಸೇನ, ತಂದೆ ದುರುಗಪ್ಪ,
ಹೆಂಡತಿ ದ್ಯಾವಮ್ಮ. ಇದೇನಿದು?
ಇವನಿಗೆ ಪ್ರಶ್ನೆಯೇ ತಿಳಿಯಲಿಲ್ಲ.
"ಎರಡು ಕೂಸು ಹೋದಮ್ಯಾಗ ನಮ್ಮವ್ವ
ಪೀರಲ ದೇವರಿಗೆ ಸಕ್ಕರಿ ಓದಿಸಿದ್ಲು ಸಾಹೇಬ್ರ.
ನಾ ಉಳದೆ."
ಉಳಿದದ್ದನ್ನು ಬರೆಯಲು
ಅವರ ಫಾರ್ಮಿನಲ್ಲಿ ಜಾಗವಿರಲಿಲ್ಲ.

ಪೇದೆ ಬಂದು ಚಹಾ ಕುಡಿದು
ಅವನು ಅವನೇ ಎಂದು ಬರೆದುಕೊಂಡು ಹೋದ.
ಹಳದಿ ಜ್ವರದ ಸೂಜಿಯ ಚೀಟಿ
ದ್ಯಾವಮ್ಮನ ದೇವರ ಜಗುಲಿ ಸೇರಿತು, ಅರಿಷಿಣದ ಪಕ್ಕ.
ಕೊನೆಗೆ ನೀಲಿ ಪುಸ್ತಕ ಬಂತು.
ಹತ್ತನೇ ಪಾಸಾಗದವನೆಂದು ಅದರಲ್ಲೂ ಒಂದು ಮುದ್ರೆ.

ಇವತ್ತು ಅದನ್ನು ಒಯ್ಯಲು ಬಂದವನು
ಮೂಸಿದ, ಹಾಳೆ ಎಣಿಸಿದ,
ಆಮೇಲೆ ಅಂಗಿಯ ಜೇಬಿನಿಂದ ಹಿತ್ತಾಳೆಯ ಬಿಲ್ಲೆ ತೆಗೆದು
ಪಕ್ಕದಲ್ಲಿಟ್ಟು ನೋಡಿದ.
ನಾಕನೂರ ಹದಿನೇಳು.
ಇಳಿಯುವಾಗ ಮೊಳೆಯಿಂದ ತೆಗೆ,
ಮೇಲೆ ಬಂದಾಗ ಮೊಳೆಗೆ ಹಾಕು.
ಇಷ್ಟೇ ಅದರ ಕಾನೂನು.
ಮೊಳೆ ಖಾಲಿಯೆಂದರೆ ಮನುಷ್ಯ ಒಳಗಿದ್ದಾನೆ.
ಒಮ್ಮೆ ಒಂದು ಮೊಳೆ ಸಂಜೆ ದಾಟಿ ಖಾಲಿ ಉಳಿದಾಗ
ಇಡೀ ಕ್ಯಾಂಪು ಶಾಫ್ಟಿನ ಬಾಯಿಗೆ ನಿಂತಿತ್ತು,
ಯಾರೂ ಹೆಸರಿನ ಕಾಗುಣಿತ ಕೇಳಿರಲಿಲ್ಲ.

"ಈ ಪುಸ್ತಕ ಅಲ್ಲಿ ಯಾವ ಮೊಳಿಗೆ ಹಾಕ್ತಾರ?" ಅಂದ.
"ನಾ ಮ್ಯಾಲ ಬಂದಿಲ್ಲಂತ ಯಾರಿಗೆ ತಿಳೀತದ?"
ನನಗೆ ಗೊತ್ತಿರಲಿಲ್ಲ.
ಎಂಬೆಸಿ ಅಂದೆ, ಏಜೆಂಟ್ ಅಂದೆ.

ಅಷ್ಟರಲ್ಲಿ ಗಣಿಯ ಸೈರನ್.
ಅವನು ಬಿಲ್ಲೆ ನೋಡಿದ,
ಮುಖ ಸುಣ್ಣವಾಯಿತು.
"ಅಯ್ಯೋ, ಹಾಕೋದ ಮರತ ಬಂದೀನಿ!
ನಾ ಇನ್ನಾ ಒಳಗದೀನಂತ ತಿಳಕೊಂಡಿರ್ತಾರ!"
ಮುಷ್ಟಿ ಬಿಗಿದು ಓಡಿದ,
ಒಂದು ಚಪ್ಪಲಿ ಹೊಸ್ತಿಲಲ್ಲೇ ಉಳಿಯಿತು.

ಪುಸ್ತಕವೂ ಉಳಿಯಿತು ನನ್ನ ಮೇಜಿನ ಮೇಲೆ,
ಫೋಟೋದ ಪುಟ ತೆರೆದು.
ಇರಲಿ ಎಂದು ಗಾಜಿನ ಮೇಲೆ ಕವುಚಿ
ಒಂದು ಪ್ರತಿ ತೆಗೆದೆ.
ಹುಬ್ಬು ಬಂತು, ಗಾಯವೂ ಬಂತು ಮಸುಕಾಗಿ.
ಕಲ್ಲು ಬರಲಿಲ್ಲ.