ಹೊರಗೆ ನಿಲ್ಲುವ ಗೆರೆಗಳು

ಗುರುತು ಬರಲಿಲ್ಲ.
ಟಿಕ್ ಹಾಕಿದೆ, ತೆಗೆದು ಮತ್ತೆ ಹಾಕಿದೆ,
ಕಂಪ್ಯೂಟರನ್ನೇ ಒಮ್ಮೆ ಮಲಗಿಸಿ ಎಬ್ಬಿಸಿದೆ.
ಪ್ರಿಂಟರು ಉಗುಳಿದ್ದು ಅದೇ ಬೋಳು ಹಾಳೆ:
ಹನ್ನೊಂದು ಹುಡುಗರು, ಹನ್ನೊಂದು ಹಾಕಿ ಕೋಲು,
ಮೂಲೆಯಲ್ಲಿ ಗೆರೆಯಿಲ್ಲ.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ನಮ್ಮ ಪ್ರೆಸ್ಸಿನ ದೀಪವೊಂದೇ ಉಳಿದಿತ್ತು.
ಮೊಯ್ದು ಕಟಿಂಗ್ ಮಿಷನ್ನಿಗೆ ಮೊಣಕೈಯೂರಿ
ಹಚ್ಚದ ಬೀಡಿ ತುಟಿಯಲ್ಲಿಟ್ಟು ಕೇಳಿದ:
"ಎಲ್ಲಿ ಕೊಯ್ಯಲಿ ದೇಚಮ್ಮಾ?
ಅಂದಾಜಿಗೆ ಹೊಡೆದರೆ
ಗೋಲ್‌ಕೀಪರನ ಕೈ ಹೋದೀತು."

ಆಗ ಕಂಡಿತು.
ಪುಟವೂ ಎ-ಫೋರ್, ಕಾಗದವೂ ಎ-ಫೋರ್.
ಅಂಚಿಗೆ ಅಂಚು ಒತ್ತಿ ಕೂತಿದ್ದವು;
ಹೊರಗೆ ನಿಲ್ಲಬೇಕಾದವಕ್ಕೆ
ಹೊರಗು ಎಂಬುದೇ ಇರಲಿಲ್ಲ.

ದೊಡ್ಡ ಹಾಳೆ ಆರಿಸಿದೆ.
ಮೈದಾನದ ಹಸಿರು ಮೂರು ಮಿಲಿಮೀಟರ್
ಗಡಿ ದಾಟಿ ಚೆಲ್ಲಲೆಂದು ಬಿಟ್ಟೆ.
ಬಂದವು. ನಾಲ್ಕು ಮೂಲೆಗೆ ಎಂಟು ಕೂದಲೆಳೆ,
ನಡುವೆ ವೃತ್ತದೊಳಗೆ ಒಂದು ಅಡ್ಡ, ಒಂದು ಉದ್ದ.
"ಕೈಲ್‌ಪೊಳ್ದಿನ ತೆಂಗಿನಕಾಯಿಗೆ
ಗುರಿ ಹಿಡಿದ ಹಾಗಿದೆ," ಅಂದ ಮೊಯ್ದು,
ಬೀಡಿ ಹಚ್ಚಲು ಬೀದಿಗಿಳಿದ.

ರಾತ್ರಿ ಒಂದಕ್ಕೆ ಅಲಗು ಇಳಿಯಿತು.
ಕೈ ಉಳಿಯಿತು.

ಬೆಳಿಗ್ಗೆ ನೆಲದ ತುಂಬ ಬಿಳಿ ಪಟ್ಟಿಗಳು,
ಒಂದೊಂದರ ತುದಿಗೂ ಪುಟ್ಟ ಕರಿ ಗೆರೆ.
ಎಲ್ಲಿ ನಿಲ್ಲಬೇಕೆಂದು ಹೇಳಿದ್ದನ್ನೆಲ್ಲ
ಗುಡಿಸಿ ಗೋಣಿಗೆ ತುಂಬಿದೆ;
ಮೊಟ್ಟೆ ಮಾರುವ ತ್ರೇಸ್ಯಮ್ಮ ಒಯ್ಯುತ್ತಾಳೆ,
ಕೋಳಿಗೂಡಿಗೆ.

ಹತ್ತಕ್ಕೆ ನಾಚಪ್ಪ ಬಂದರು.
ಪುಸ್ತಕ ಮೂಸಿದರು, ಅಂಚನ್ನು ಹೆಬ್ಬೆರಳಲ್ಲಿ ಸವರಿ
ತಲೆದೂಗಿದರು.
ಆಮೇಲೆ ಓದಿದರು.
"ಗೋಲ್‌ಕೀಪರು ಪೊನ್ನಪ್ಪ ಅಲ್ಲ ಮಗಾ,
ಪೊನ್ನಣ್ಣ."

ಅದಕ್ಕೆ ಟಿಕ್ ಹಾಕುವ ಜಾಗ
ಯಾವ ಕಿಟಕಿಯಲ್ಲೂ ಇರಲಿಲ್ಲ.